ಏಳು ಕ್ಲಿಪ್ಪಿನ ಕಿಟಕಿ

ಹೋಟೆಲಿನ ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಇದ್ದ ಕಿಟಕಿಯ ಬಳಿ ನಿಂತಿರುತ್ತಿದ್ದ ಆ ಹೆಂಗಸು ಯಜಮಾನರ ದೂರದ ಬಡ ನೆಂಟರ ಪೈಕಿ ಇರಬೇಕು ಎಂದು ಈ ಸಾಲುಗಳನ್ನು ಬರೆಯುತ್ತಿರುವವನು ಬಹಳ ಕಾಲ ನಂಬಿದ್ದ. ಕೆಲಸ ಬರದ ನೆಂಟರನ್ನು ಮನೆಯಲ್ಲಿ ಇಟ್ಟುಕೊಂಡರೆ ಹೆಂಡತಿ ಗೊಣಗುತ್ತಾಳೆ, ಹೋಟೆಲಿನಲ್ಲಿ ನಿಲ್ಲಿಸಿದರೆ ಗಿರಾಕಿ ಗೊಣಗುತ್ತಾನೆ. ಗಿರಾಕಿಯ ಗೊಣಗಾಟ ಮನೆಯವರೆಗೆ ಬರುವುದಿಲ್ಲವಲ್ಲ, ಅದಕ್ಕೇ ಇಲ್ಲಿ ನಿಲ್ಲಿಸಿದ್ದಾರೆ ಎಂಬುದು ಅವನ ಊಹೆ. ಊಹೆಗೆ ಆಧಾರವೂ ಇತ್ತು. ಒಂದು ಮಧ್ಯಾಹ್ನ, ಹೊಟ್ಟೆ ಚುರುಗುಟ್ಟುತ್ತಿದ್ದ ಹೊತ್ತಿನಲ್ಲಿ, ಅವನು ಬರೆಸಿದ ಹುರಿದ ಮೀನಿನ ಚೀಟಿ ಆಕೆಯ ಕೈಯಲ್ಲಿತ್ತು. ಆಕೆ ಅದನ್ನು ಒಳಗೆ ಕೊಡಲಿಲ್ಲ. ಎರಡು ಬೆರಳಿನ ನಡುವೆ ಹಿಡಿದು, ತಲೆಯನ್ನು ಕೊಂಚ ಓರೆ ಮಾಡಿ, ಒಳಗೆ ಯಾರೋ ಹಾಡುತ್ತಿದ್ದಾರೇನೋ ಎಂಬಂತೆ ಕೇಳಿಸಿಕೊಳ್ಳುತ್ತ ನಿಂತಿದ್ದಳು. ನಾಲ್ಕು ನಿಮಿಷ. ಕೈಗಡಿಯಾರ ನೋಡಿಯೇ ಹೇಳುತ್ತಿರುವುದು.

ಹಸಿದ ವಿದ್ಯಾವಂತರು ಮಾಡುವ ಕೆಲಸವನ್ನೇ ಅವನೂ ಮಾಡಿದ. ಕೈ ತೊಳೆಯುವ ಜಾಗದ ಪಕ್ಕ ದಾರ ಕಟ್ಟಿ ತೂಗುಹಾಕಿದ್ದ ಸಲಹೆ ಪುಸ್ತಕದಲ್ಲಿ ದುಂಡಾದ ಅಕ್ಷರಗಳಲ್ಲಿ ಹೀಗೆ ಬರೆದ: ‘ಊಟ ರುಚಿಯಾಗಿದೆ. ಆದರೆ ಕಿಟಕಿಯ ಬಳಿ ಒಬ್ಬ ಮಹಿಳೆ ಸುಮ್ಮನೆ ನಿಂತಿರುತ್ತಾರೆ. ಅವರಿಗೆ ಏನಾದರೂ ಕೆಲಸ ಕೊಡುವುದು ಒಳ್ಳೆಯದು.’ ಕೆಳಗೆ ಸಹಿ ಹಾಕಿ, ಸಹಿಯ ಕೆಳಗೆ ಎರಡು ಗೆರೆ ಎಳೆದು, ಸಮಾಜಕ್ಕೆ ದೊಡ್ಡ ಉಪಕಾರ ಮಾಡಿದವನ ಗತ್ತಿನಲ್ಲಿ ಮನೆಗೆ ಹೋದ. ಆ ಬರಹ ಯಾರ ಕುತ್ತಿಗೆಗೆ ಬಂತು ಎಂಬುದು ಅವನಿಗೆ ಗೊತ್ತಾದದ್ದು ವರ್ಷದ ಮೇಲೆ, ಅದೇ ಹೋಟೆಲಿನಲ್ಲಿ ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದ ಹಳೇ ಸಪ್ಲೈಯರ್ ಒಬ್ಬನ ಬಾಯಿಂದ. ಮುಂದಿನದೆಲ್ಲ ಮೀಸೆ ಹೇಳಿದ್ದು, ಮೀಸೆ ಹೇಳದೆ ಬಿಟ್ಟದ್ದನ್ನು ಕೆದಕಿ ತೆಗೆದದ್ದು.

ಆಕೆಯನ್ನು ಹೋಟೆಲಿನಲ್ಲಿ ಎಲ್ಲರೂ ಕರೆಯುತ್ತಿದ್ದುದು ಗೇಟಕ್ಕ ಎಂದು. ಹೆಸರಿಟ್ಟವರು ಸಪ್ಲೈಯರ್‌ಗಳು, ಪ್ರೀತಿಯಿಂದೇನೂ ಇಟ್ಟದ್ದಲ್ಲ. ಟೇಬಲ್ಲಿನಲ್ಲಿ ಬರೆದುಕೊಂಡ ಚೀಟಿಯನ್ನು ಓಡಿ ಓಡಿ ತಂದರೆ ಈಕೆ ರೈಲ್ವೆ ಗೇಟಿನ ಹಾಗೆ ಅಡ್ಡ ಬೀಳುತ್ತಿದ್ದಳು. ಕಿಟಕಿಯ ಚೌಕಟ್ಟಿಗೆ ಅಡ್ಡಡ್ಡ ಒಂದು ತಂತಿ. ತಂತಿಯಲ್ಲಿ ಏಳು ಮರದ ಕ್ಲಿಪ್ಪು. ಒದ್ದೆ ಬಟ್ಟೆ ಹಾರಿಹೋಗದಿರಲೆಂದು ಸಿಕ್ಕಿಸುತ್ತಾರಲ್ಲ, ಅವೇ. ಚೀಟಿ ಕ್ಲಿಪ್ಪಿಗೆ ಸಿಕ್ಕಿತೆಂದರೆ ಅಡುಗೆಮನೆಗೆ ಹೋಯಿತು ಎಂದು ಅರ್ಥ. ಒಂದು ಊಟ ಹೊರಗೆ ಬಂದರೆ ಒಂದು ಕ್ಲಿಪ್ಪು ಖಾಲಿ, ಒಂದು ಕ್ಲಿಪ್ಪು ಖಾಲಿಯಾದರೆ ಒಂದು ಚೀಟಿ ಒಳಗೆ. ಏಳೂ ತುಂಬಿದ್ದರೆ ಮಂತ್ರಿಯೇ ಬಂದು ಕೂತಿದ್ದರೂ ಅವನ ಚೀಟಿ ಗೇಟಕ್ಕನ ಬೆರಳ ಸಂದಿಯಲ್ಲೇ.

“ಅಕ್ಕಾ, ಆರನೇ ಟೇಬಲ್ ಮೀನು.”

“ಮೀನು ಎರಡು ಆಗ್ಲೇ ಬಾಣಲೆಲಿದೆ. ಹೋಗಿ ಸೂಪ್ ಬೇಕಾ ಕೇಳು.”

“ಬೇಡ ಅಂದ್ರು.”

“ಬೇಡ ಅಂದ್ರೆ ಸುಮ್ನೆ ಬಂದ್ಬಿಟ್ಯಾ? ಸೂಪ್ ಪಾತ್ರೆಲಿ ಕುದೀತಾ ಕೂತಿದೆ. ಎರಡು ನಿಮಿಷದಲ್ಲಿ ಬಾಯಿಗೆ ಬಿಸಿ ಬಿದ್ರೆ ಬೈಯೋ ಬಾಯಿ ತಾನೇ ಮುಚ್ಚುತ್ತೆ. ಇನ್ನೊಂದ್ಸಲ ಕೇಳು.”

“ಒಂಬತ್ತನೇ ಟೇಬಲ್ನೋರು ಎದ್ದು ಹೋಗ್ತೀವಿ ಅಂತಿದಾರೆ.”

“ಹೋಗಲ್ಲ. ಆ ಅಜ್ಜ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತಿದಾನೆ ನೋಡು. ಅವನು ಚಪ್ಪಲಿ ಹಾಕ್ಕೊಂಡ ಮೇಲೆ ಬಂದು ಹೇಳು.”

ಸಪ್ಲೈಯರ್‌ಗಳು ಮೂಗು ಮುರಿಯುತ್ತಿದ್ದರು, ಆದರೆ ಹೋಗುತ್ತಿದ್ದರು. ಅಜ್ಜನೂ ಏಳುತ್ತಿರಲಿಲ್ಲ. ಹದಿನಾರು ಟೇಬಲ್ಲುಗಳಲ್ಲಿ ಯಾರು ನಿಜವಾಗಿ ಹಸಿದಿದ್ದಾರೆ, ಯಾರು ಬರೀ ಸಿಡುಕುತ್ತಿದ್ದಾರೆ, ಯಾವ ಟೇಬಲ್ಲಿಗೆ ನೀರು ತುಂಬಿ ಎರಡು ಮಾತಾಡಿದರೆ ಐದು ನಿಮಿಷ ಸಿಗುತ್ತದೆ ಎಂಬುದೆಲ್ಲ ಅವಳಿಗೆ ನಿಂತಲ್ಲಿಂದಲೇ ತಿಳಿಯುತ್ತಿತ್ತು. ಒಂದೇ ಸಲ ಮೂರು ಟೇಬಲ್ ತುಂಬಿದರೆ ಒಂದಕ್ಕೆ ಮೆನು ಕೊಡುವುದನ್ನೇ ತಡಮಾಡಿಸುತ್ತಿದ್ದಳು. ಕಣ್ಣು ಹಾಲಿನ ಮೇಲಾದರೆ ಕಿವಿ ಮಾತ್ರ ಒಳಗೆ. ಒಳಗೆ ಅಡುಗೆಯ ಮಾಸ್ಟರ್ ಒಂದು ಊಟ ಸಿದ್ಧವಾದಾಗಲೆಲ್ಲ ಬಾಣಲೆಯ ಅಂಚಿಗೆ ಸೌಟನ್ನು ಎರಡು ಸಲ ಬಡಿಯುತ್ತಿದ್ದ: ಟಣ್, ಟಣ್. ಒಂದು ಟಣ್‌ಟಣ್‌ನಿಂದ ಇನ್ನೊಂದರವರೆಗಿನ ಸಮಯ ಹಿಗ್ಗಿತೋ, ಚೀಟಿ ತಡೆ. ಕುಗ್ಗಿತೋ, ಚೀಟಿ ಬಿಡು. ಅಂದು ಈ ಬರಹಗಾರನ ಮೀನಿನ ಚೀಟಿ ಹಿಡಿದುಕೊಂಡು ಅವಳು ಕೇಳುತ್ತಿದ್ದ ಹಾಡು ಅದೇ.

ಒಳಗಿನ ಮಾಸ್ಟರ್ ಬೇರೆ ಯಾರೂ ಅಲ್ಲ, ಅವಳ ಗಂಡ.

ಹದಿನೇಳು ವರ್ಷದ ಹಿಂದೆ ಇಬ್ಬರೂ ಒಟ್ಟಿಗೆ ಆ ಹೋಟೆಲಿಗೆ ಸೇರಿದ್ದರು. ಅವನು ಒಲೆಗೆ, ಅವಳು ಪಾತ್ರೆ ತೊಳೆಯಲು. ಆಗ ಚೀಟಿಯೂ ಇಲ್ಲ, ಕ್ಲಿಪ್ಪೂ ಇಲ್ಲ. ಸಪ್ಲೈಯರ್‌ಗಳು ಕಿಟಕಿಯಲ್ಲಿ ತಲೆ ತೂರಿಸಿ ಸಂತೆಯಲ್ಲಿ ಕೂಗುವಂತೆ ಕೂಗುವುದು, ಮಾಸ್ಟರ್ ತಿರುಗಿ ಅದಕ್ಕಿಂತ ಜೋರಾಗಿ ಕೂಗುವುದು, ಕೊನೆಗೆ ಸೂಪ್ ಕೇಳಿದವನಿಗೆ ಆಮ್ಲೆಟ್ ಹೋಗುವುದು. ಪಾತ್ರೆ ತೊಳೆಯುತ್ತ ತೊಳೆಯುತ್ತ ಅವಳು ಒಂದು ವಿಷಯ ಗಮನಿಸಿದಳು. ಏಳು ಊಟದವರೆಗೆ ಗಂಡ ಸೌಟು ಬಡಿದು ತಾಳ ಹಾಕುತ್ತಾನೆ. ಎಂಟನೆಯದು ಬಂದ ತಕ್ಷಣ ತಾಳ ನಿಂತು ಬೈಗುಳ ಶುರುವಾಗುತ್ತದೆ. ಬೈಗುಳ ಶುರುವಾದರೆ ಉಪ್ಪು ಎರಡು ಸಲ ಬೀಳುತ್ತದೆ. ಮಾರನೆಯ ದಿನ ಅವಳು ಮನೆಯ ಹಗ್ಗದಿಂದ ಏಳು ಕ್ಲಿಪ್ಪು ಕಿತ್ತು ತಂದಳು. ಅವತ್ತು ಮನೆಯಲ್ಲಿ ಎರಡು ಪಂಚೆ ಹಾರಿ ಪಕ್ಕದ ಮನೆಯ ಮಾಡಿನ ಮೇಲೆ ಬಿದ್ದವು. ಹೋಟೆಲಿನಲ್ಲಿ ಮಾತ್ರ ಮೊದಲ ಸಲ ಸೂಪ್ ಕೇಳಿದವನಿಗೆ ಸೂಪ್ ಹೋಯಿತು.

ಆ ಏಳರ ಮೂಲವನ್ನು ಅವಳು ಗಂಡನಿಗೆ ಹೇಳಲಿಲ್ಲ. ಗಂಡಸರಿಗೆ, ಅದರಲ್ಲೂ ಒಲೆ ಮುಂದೆ ನಿಂತು ಎದೆ ಉಬ್ಬಿಸುವ ಗಂಡಸರಿಗೆ, ನಿನ್ನ ಕೈಲಿ ಇಷ್ಟೇ ಆಗುವುದು ಎಂದು ಹೇಳಿದರೆ ಅಷ್ಟೂ ಆಗುವುದಿಲ್ಲ ಎಂಬುದು ಅವಳಿಗೆ ಮದುವೆಯಾದ ಮೂರನೇ ವಾರದಲ್ಲೇ ಗೊತ್ತಾಗಿತ್ತು. ಹಾಗಾಗಿ ಅವನು ತನ್ನದೇ ಒಂದು ಕಾರಣ ಹುಡುಕಿಕೊಂಡ: ಹೆಂಡತಿಗೆ ಬೇಗ ಬೇಗ ಓದಲು ಬರುವುದಿಲ್ಲ, ಏಳಕ್ಕಿಂತ ಹೆಚ್ಚು ಚೀಟಿ ಇದ್ದರೆ ಗಾಬರಿಯಾಗುತ್ತಾಳೆ, ಪಾಪ. ಈ ಮಾತನ್ನು ಅವನು ಹದಿನೇಳು ವರ್ಷ ಸಿಕ್ಕಸಿಕ್ಕವರಿಗೆ ಹೇಳಿದ. “ನನಗೇನು, ಇಪ್ಪತ್ತು ಕೊಟ್ರೂ ಒಂದೇ, ನೀರು ಕುಡಿದಷ್ಟು ಸುಲಭ. ಆದ್ರೆ ಅವಳ ಕೈ ಓಡಲ್ಲ ನೋಡಿ.” ಅವಳು ಕಿಟಕಿಯ ಆಚೆಯಿಂದ ಕೇಳಿಸಿಕೊಂಡು ಮುಂದಿನ ಚೀಟಿ ಸಿಕ್ಕಿಸುತ್ತಿದ್ದಳು.

ಮೂರು ವರ್ಷದ ಹಿಂದೆ ಅವನ ಬಲಗೈ ನಡುಗತೊಡಗಿತು. ಮೊದಮೊದಲು ಲೋಟದಲ್ಲಿ, ಆಮೇಲೆ ಸೌಟಿನಲ್ಲಿ. ಡಾಕ್ಟರು ಮಾತ್ರೆ ಬರೆದುಕೊಟ್ಟರು, ಅವನು ಬಾಣಲೆಯನ್ನು ಬೈದ: “ಹಳೇ ಬಾಣಲೆಗೆ ತೂಕ ಇರ್ಲಿಲ್ಲ. ಈಗಿನ ಬಾಣಲೆ ಕಲ್ಲು.” ಎಣ್ಣೆ ಹೊಯ್ಯುವಾಗ ಬಲ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಳ್ಳುವುದನ್ನು ಕಲಿತ, ಯಾರಾದರೂ ನೋಡಿದರೆ ಅಲ್ಲೇನೋ ತುರಿಕೆ ಎಂಬಂತೆ ಕೆರೆದುಕೊಳ್ಳುತ್ತಿದ್ದ. ಅವಳು ನೋಡಲಿಲ್ಲ. ಕೇಳಿಸಿಕೊಂಡಳು. ಟಣ್‌ಟಣ್‌ಗಳ ನಡುವಿನ ಸಮಯ ಹಿಗ್ಗುತ್ತ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಅವಳು ಆರನೇ ಕ್ಲಿಪ್ಪಿಗೆ ಗ್ಯಾಸಿನವನ ಕಾರ್ಡು ಸಿಕ್ಕಿಸಿದಳು. ಕೆಲವು ತಿಂಗಳ ನಂತರ ಏಳನೆಯದಕ್ಕೆ ನೀರಿನ ಟ್ಯಾಂಕು ತೊಳೆಯುವವನ ಫೋನ್ ನಂಬರಿನ ಚೀಟಿ. ಅವು ಅಲ್ಲೇ ಉಳಿದವು. ಒಳಗಿನಿಂದ ನೋಡಿದರೆ ತಂತಿಯಲ್ಲಿ ಏಳು ಕಾಗದ ನೇತಾಡುತ್ತಿದ್ದವು. ಅವನ ಕನ್ನಡಕ ಮರ್ಯಾದೆಗೆ ಅಂಜಿ ಮನೆಯ ಕಪಾಟಿನಲ್ಲೇ ಇರುತ್ತಿದ್ದುದರಿಂದ ಯಾವುದರಲ್ಲಿ ಏನು ಬರೆದಿದೆ ಎಂಬುದು ಅವನಿಗೆ ಬೇಕಿರಲಿಲ್ಲ. ಪ್ರತಿ ಚೀಟಿಯನ್ನೂ ಅವಳೇ ಓದಿ ಹೇಳುತ್ತಿದ್ದಳು. ಅವನು ಒಂದು ಸಲಕ್ಕೆ ಐದು ಊಟ ಬೇಯಿಸುತ್ತ, ಏಳು ಬೇಯಿಸುತ್ತಿದ್ದೇನೆಂದು ನಂಬಿ, ಇಪ್ಪತ್ತು ಬೇಯಿಸಬಲ್ಲೆ ಎಂದು ಹೇಳಿಕೊಂಡು ಓಡಾಡುತ್ತಿದ್ದ. ಇಷ್ಟು ದೊಡ್ಡ ಸುಳ್ಳನ್ನು ಎರಡು ಕ್ಲಿಪ್ಪು ಹೊತ್ತುಕೊಂಡಿದ್ದವು.

ಅಂಥ ಹೊತ್ತಿನಲ್ಲಿ ಯಜಮಾನರ ಅಳಿಯ ಬಂದ.

ಯಜಮಾನರಿಗೆ ಮಂಡಿನೋವು, ಅಳಿಯನಿಗೆ ಉತ್ಸಾಹ. ಉತ್ಸಾಹ ಮಂಡಿನೋವಿಗಿಂತ ಹೆಚ್ಚು ಅಪಾಯದ ಕಾಯಿಲೆ, ಯಾಕೆಂದರೆ ಅದು ಬಂದವನಿಗೆ ನೋವಾಗುವುದಿಲ್ಲ. ಅಳಿಯ ಎಲ್ಲೋ ಮೂರು ದಿನದ ತರಬೇತಿ ಮುಗಿಸಿ ಬಂದಿದ್ದ. ಅದರ ಸರ್ಟಿಫಿಕೇಟನ್ನು ಮಾವನ ಫೋಟೋಗಿಂತ ಒಂದು ಗೇಣು ಮೇಲೆ ತೂಗುಹಾಕಿದ. ಕುತ್ತಿಗೆಗೆ ಒಂದು ಸ್ಟಾಪ್‌ವಾಚ್ ಕಟ್ಟಿಕೊಂಡು, ಆಟದ ಮೈದಾನದ ಮೇಷ್ಟರಂತೆ, ಮೂರು ದಿನ ಹಾಲಿನ ಮೂಲೆಯಲ್ಲಿ ನಿಂತ. ಗಿರಾಕಿ ಕೂತದ್ದೆಷ್ಟು ಹೊತ್ತಿಗೆ, ಚೀಟಿ ಬರೆದದ್ದೆಷ್ಟು ಹೊತ್ತಿಗೆ, ಕಿಟಕಿಗೆ ಬಂದದ್ದೆಷ್ಟು ಹೊತ್ತಿಗೆ, ಎಲ್ಲ ಬರೆದುಕೊಂಡ. ನಾಲ್ಕನೇ ದಿನ ಬೆಳಿಗ್ಗೆ, ಬಾಗಿಲು ತೆರೆಯುವ ಮುಂಚೆ, ಎಲ್ಲರನ್ನೂ ಸೇರಿಸಿದ. ಕೈಯಲ್ಲಿ ಸಲಹೆ ಪುಸ್ತಕ.

“ನಾನು ಹೇಳೋದು ಬೇಡ, ಗಿರಾಕಿ ಹೇಳ್ತಾರೆ ಕೇಳಿ,” ಎಂದು ಓದಿದ: “‘ಕಿಟಕಿಯ ಬಳಿ ಒಬ್ಬ ಮಹಿಳೆ ಸುಮ್ಮನೆ ನಿಂತಿರುತ್ತಾರೆ.’ ಸಹಿ ಬೇರೆ ಹಾಕಿದಾರೆ. ಎರಡು ಗೆರೆ ಎಳೆದಿದಾರೆ. ಎಷ್ಟು ಬೇಜಾರಾಗಿರಬೇಕು ನೋಡಿ!”

ಗೇಟಕ್ಕ ನೆಲ ನೋಡಿದಳು.

“ಅಕ್ಕಾ, ನಿಮ್ಮ ತಪ್ಪು ಅಂತ ನಾನು ಹೇಳ್ತಿಲ್ಲ. ತಪ್ಪು ಎಲ್ಲಿದೆ ಅಂತ ನಾನು ಕಂಡುಹಿಡಿದಿದೀನಿ.” ಅವನು ಕಿಟಕಿಯ ಬಳಿ ಹೋಗಿ ತಂತಿಯ ಮೇಲೆ ಬೆರಳಾಡಿಸಿದ. “ಒಂದು, ಎರಡು, ಮೂರು... ಏಳು! ಹದಿನಾರು ಟೇಬಲ್ ಇರೋ ಹೋಟೆಲಲ್ಲಿ ಏಳೇ ಏಳು ಕ್ಲಿಪ್ಪು! ಅದರಲ್ಲೂ ಎರಡರಲ್ಲಿ ಗ್ಯಾಸು, ಟ್ಯಾಂಕು. ಚೀಟಿ ನಿಲ್ಲದೆ ಇನ್ನೇನಾಗುತ್ತೆ? ಹದಿನೇಳು ವರ್ಷದಿಂದ ಒಬ್ರಿಗಾದ್ರೂ ಹೊಳೆದಿಲ್ವಲ್ಲ!”

ಅವನು ಚೀಲದಿಂದ ಒಂದು ಪೊಟ್ಟಣ ತೆಗೆದ. ಇಪ್ಪತ್ತನಾಲ್ಕು ಪ್ಲಾಸ್ಟಿಕ್ ಕ್ಲಿಪ್ಪು. ಕೆಂಪು, ಹಸಿರು, ಹಳದಿ.

ಯಾರೂ ನಗಲಿಲ್ಲ. ಮೀಸೆ ಮಾತ್ರ ನಗು ತಡೆಯಲು ಕೆಮ್ಮಿದ. “ಸಾರ್, ಟೇಬಲ್ ಹದಿನಾರು, ಕ್ಲಿಪ್ಪು ಇಪ್ಪತ್ನಾಲ್ಕು?”

“ಬೆಳವಣಿಗೆಗೆ ಜಾಗ ಇರಬೇಕು ಕಣ್ರೀ.”

ಕ್ಲಿಪ್ಪು ಹೆಚ್ಚಾದರೆ ಒಲೆ ಹೆಚ್ಚಾಗುವುದಿಲ್ಲ, ಕೈ ಹೆಚ್ಚಾಗುವುದಿಲ್ಲ ಎಂದು ಹೇಳಬೇಕಾದವಳು ಗೇಟಕ್ಕ. ಅವಳು ಬಾಯಿ ತೆರೆದಳು ಕೂಡ. “ಸ್ವಾಮೀ, ಕ್ಲಿಪ್ಪು ಕಮ್ಮಿ ಇರೋದು ಚೀಟಿಗೋಸ್ಕರ ಅಲ್ಲ, ಒಳಗೆ...” ಅಷ್ಟರಲ್ಲಿ ಒಳಗಿನಿಂದಲೇ ಧ್ವನಿ ಬಂತು.

“ತುಂಬಾ ಒಳ್ಳೇದಾಯ್ತು ಸಾರ್!” ಮಾಸ್ಟರ್ ಕಿಟಕಿಯಿಂದ ಅರ್ಧ ಮೈ ಹೊರಹಾಕಿದ್ದ. ಮುಖ ತಿಕ್ಕಿ ತೊಳೆದ ಬಾಣಲೆಯ ಹಾಗೆ ಹೊಳೆಯುತ್ತಿತ್ತು. “ಹದಿನೇಳು ವರ್ಷದಿಂದ ನನ್ನ ಕೈ ಕಟ್ಟಿ ಹಾಕಿದ್ರು ಸಾರ್. ಹೆಂಡ್ತಿ ಅಂತ ಸುಮ್ನಿದ್ದೆ. ಕೊಡಿ, ಎಷ್ಟು ಕೊಡ್ತೀರೋ ಕೊಡಿ. ನನ್ನ ಕೈ ಏನು ಅಂತ ನೀವೇ ನೋಡಿ.”

ಅಳಿಯ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಬೇಕಾಯಿತು. ಗೇಟಕ್ಕನಿಗೆ ಹೊಸ ಕೆಲಸ ಸಿಕ್ಕಿತು: ಬಾಗಿಲಲ್ಲಿ ನಿಂತು, ಬಂದವರಿಗೆ ನಗುಮುಖದಿಂದ ನಮಸ್ಕಾರ ಹೇಳಿ, ಮೆನು ಕೊಡುವುದು. ಭಾನುವಾರದಿಂದ ಜಾರಿ. ಸಲಹೆ ಪುಸ್ತಕದ ಮಹಾನುಭಾವ ಕೇಳಿದ್ದು ಅದನ್ನೇ ತಾನೆ: ಏನಾದರೂ ಕೆಲಸ ಕೊಡಿ ಎಂದು.

ಭಾನುವಾರ ಬೆಳಿಗ್ಗೆ ಗಂಡಹೆಂಡಿರು ಎಂದಿನಂತೆ ನಡೆದೇ ಹೊರಟರು. ಮನೆಯಿಂದ ಹೋಟೆಲಿಗೆ ಇಪ್ಪತ್ತು ನಿಮಿಷದ ದಾರಿ. ಬೇಕರಿ, ಮುಚ್ಚಿದ ಟೈಲರ್ ಅಂಗಡಿ, ಶಾಲೆಯ ಉದ್ದನೆಯ ಗೋಡೆ. ಗೋಡೆಯ ಹತ್ತಿರ ಬಂದಾಗ ಅವಳು ಮಾತು ತೆಗೆದಳು.

“ರೀ, ಅಳಿಯಂದ್ರಿಗೆ ಹೇಳಿ. ಏಳೇ ಸಾಕು ಅನ್ನಿ. ನೀವು ಹೇಳಿದ್ರೆ ಕೇಳ್ತಾರೆ.”

“ಯಾಕೆ? ಕಿಟಕಿ ಕೈಬಿಟ್ಟು ಹೋಯ್ತು ಅಂತ ಹೊಟ್ಟೆಕಿಚ್ಚಾ?”

“ಕಿಟಕಿ ಹಾಳಾಗ್ಲಿ. ನಿಮ್ಮ ಕೈ...”

“ನನ್ನ ಕೈಗೇನಾಗಿದೆ?” ಅವನು ನಿಂತೇಬಿಟ್ಟ.

ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಗ್ಯಾಸ್ ಕಾರ್ಡು, ಟ್ಯಾಂಕಿನ ಚೀಟಿ, ಮೂರು ವರ್ಷ, ಎಲ್ಲ ಒಂದೇ ಉಸಿರಿಗೆ ಬರುವಷ್ಟು ಹತ್ತಿರ. ಅವನು ಬಲಗೈಯನ್ನು ಜೇಬಿಗೆ ಹಾಕಿಕೊಂಡ. ಜೇಬಿನೊಳಗೂ ಅದು ಸುಮ್ಮನಿರಲಿಲ್ಲ. ಮನೆಯ ಬೀಗದ ಕೈಗಳು ಕಿಣಿಕಿಣಿ ಎನ್ನುತ್ತಿದ್ದವು. ಐವತ್ತೆಂಟು ವರ್ಷದ ಗಂಡಸು, ಶಾಲೆಯ ಗೋಡೆಯ ಪಕ್ಕ, ಪೆಟ್ಟು ತಿನ್ನಲು ಕಾದವನ ಹಾಗೆ ಅವಳ ಮುಖ ನೋಡುತ್ತ ನಿಂತಿದ್ದ.

“ಏನಿಲ್ಲ,” ಅಂದಳು. “ನಡೀರಿ, ಹೊತ್ತಾಯ್ತು.”

ಮಧ್ಯಾಹ್ನ ಹನ್ನೆರಡೂವರೆಗೆ ಜನ ಬರತೊಡಗಿದರು. ಗೇಟಕ್ಕ ಬಾಗಿಲಲ್ಲಿ ನಿಂತು ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಅಲ್ಲೂ ಪ್ರಯೋಗಿಸಿದಳು. ಒಂದು ಸಂಸಾರ ಒಳಗೆ ಕೂತ ಮೇಲೆ ಇನ್ನೊಂದಕ್ಕೆ ನಮಸ್ಕಾರ ಹೇಳುವುದಕ್ಕೇ ಮೂರು ನಿಮಿಷ ತೆಗೆದುಕೊಂಡಳು. ಮಕ್ಕಳ ಹೆಸರು ಕೇಳಿದಳು, ಓದು ಕೇಳಿದಳು, ಅಜ್ಜಿಯ ಸೊಂಟ ಕೇಳಿದಳು. ಮೆನು ಒರೆಸಿದಳು, ಒರೆಸಿದ ಮೆನುವನ್ನು ಇನ್ನೊಮ್ಮೆ ಒರೆಸಿದಳು. ಅಳಿಯ ಸ್ಟಾಪ್‌ವಾಚ್ ನೋಡಿಕೊಂಡು ಓಡಿ ಬಂದ.

“ಏನಕ್ಕಾ ಇದು! ಬಾಗಿಲಿಗೂ ಗೇಟು ಹಾಕ್ತಾ ಇದೀರಾ? ಬಿಡಿ, ಒಳಗೆ ಬಿಡಿ!” ಎಂದು ಬಾಗಿಲಿನ ಎರಡೂ ರೆಕ್ಕೆ ತೆರೆದು, ಮದುವೆ ಮನೆಯ ಯಜಮಾನನಂತೆ ಎಲ್ಲರನ್ನೂ ಕೈ ಬೀಸಿ ಒಳಗೆ ಕರೆದ.

ಹತ್ತು ನಿಮಿಷದಲ್ಲಿ ಹದಿನಾರು ಟೇಬಲ್ಲೂ ತುಂಬಿದವು. ಸಪ್ಲೈಯರ್‌ಗಳಿಗೆ ಹಬ್ಬ; ತಡೆಯುವವರಿಲ್ಲ, ಬರೆದದ್ದೇ ಬರೆದದ್ದು, ಸಿಕ್ಕಿಸಿದ್ದೇ ಸಿಕ್ಕಿಸಿದ್ದು. ತಂತಿ ಕೆಂಪು, ಹಸಿರು, ಹಳದಿಯಾಗಿ ತೂಗಾಡಿತು. ಹತ್ತೊಂಬತ್ತು ಚೀಟಿ. ಅವುಗಳಲ್ಲಿ ಎಂಟು ಮೀನು. ಒಳಗಿದ್ದದ್ದು ಒಬ್ಬ ಮಾಸ್ಟರ್, ತರಕಾರಿ ಹೆಚ್ಚುವ ಒಬ್ಬಳು ಮುದುಕಿ, ನಾಲ್ಕು ಒಲೆ, ಮೀನು ಹುರಿಯುವ ಒಂದೇ ಬಾಣಲೆ.

ಗೇಟಕ್ಕ ಬಾಗಿಲಲ್ಲಿ ನಿಂತು ನಮಸ್ಕಾರ ಹೇಳುತ್ತಲೇ ಕಿವಿಯನ್ನು ಒಳಗಿಟ್ಟಿದ್ದಳು. ಟಣ್, ಟಣ್. ಒಂದು. ಟಣ್, ಟಣ್. ಎರಡು. ಬೇಗ ಬೇಗ ಬರುತ್ತಿತ್ತು, ಮೊದಲಿಗಿಂತ ಬೇಗ, ಅವನು ಹುರುಪಿನಲ್ಲಿದ್ದ. ಮೂರು. ನಾಲ್ಕು. ಐದು.

ಆಮೇಲೆ ಸದ್ದೇ ಇಲ್ಲ.

ಅವಳು ಮೆನುವನ್ನು ಯಾರದೋ ಕೈಗೆ ತುರುಕಿ ಕಿಟಕಿಗೆ ಓಡಿದಳು. ಅಲ್ಲಿ ನಾಲ್ಕು ಜನ ಸಪ್ಲೈಯರ್‌ಗಳು ತಲೆ ತೂರಿಸಿ ಕೂಗುತ್ತಿದ್ದರು, ಹದಿನೇಳು ವರ್ಷದ ಹಿಂದಿನ ಹಾಗೇ. “ಮಾಸ್ಟರ್, ಮೂರನೇ ಟೇಬಲ್!” “ಮಾಸ್ಟರ್, ಸೂಪೆಲ್ಲಿ?” “ಮಾಸ್ಟರ್, ಮೀನು ಹೊಗೆಯಾಡ್ತಿದೆ!” ಅವರ ತಲೆಗಳ ಸಂದಿಯಿಂದ ಅವಳಿಗೆ ಗಂಡ ಕಂಡ. ನಾಲ್ಕು ಒಲೆಗಳ ನಡುವೆ, ಸೌಟನ್ನು ಎದೆಗೆ ಒತ್ತಿಕೊಂಡು, ಅವನು ತಂತಿಯನ್ನೇ ನೋಡುತ್ತ ನಿಂತಿದ್ದ. ಅವನಿಗೆ ಬಣ್ಣ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಓದಿ ಹೇಳುವ ದನಿ ಇರಲಿಲ್ಲ. ಒಂದು ತಟ್ಟೆಯನ್ನು ಕಿಟಕಿಯತ್ತ ತಂದ, ಅರ್ಧ ದಾರಿಯಲ್ಲಿ ನಿಂತ, ವಾಪಸು ಇಟ್ಟ. ಇನ್ನೊಂದನ್ನು ಎತ್ತಿದ. ಅದನ್ನೂ ಇಟ್ಟ.

“ಎಲ್ಲ ಹಾಗೇ ಬಿಟ್ಟು ಈಚೆ ಬನ್ನಿ!” ಎಂದು ಗೇಟಕ್ಕ ಕೂಗಿದಳು. “ರೀ, ಬಾಣಲೆ ಮುಟ್ಟಬೇಡಿ!”

ಅವನಿಗೆ ಕೇಳಿಸಿತು. ಕೇಳಿಸಿದ್ದಕ್ಕೇ ಮುಟ್ಟಿದ. ಹೊಗೆಯಾಡುತ್ತಿದ್ದ ಮೀನಿನ ಬಾಣಲೆಯನ್ನು ಒಂದೇ ಕೈಯಲ್ಲಿ, ಎಲ್ಲರೂ ನೋಡುತ್ತಿದ್ದ ಕಾರಣಕ್ಕೆ ಎಡಗೈಯ ಸಹಾಯವಿಲ್ಲದೆ, ಎತ್ತಿದ. ಎಣ್ಣೆ ಅವನ ಮಣಿಕಟ್ಟಿನಿಂದ ಮೊಣಕೈವರೆಗೆ ಇಳಿಯಿತು.

ಹಾಲಿನಲ್ಲಿ ಅಳಿಯನ ಸ್ಟಾಪ್‌ವಾಚ್ ಇನ್ನೂ ಓಡುತ್ತಿತ್ತು. ಒಂಬತ್ತನೇ ಟೇಬಲ್ಲಿನ ಅಜ್ಜ ಚಪ್ಪಲಿ ಹಾಕಿಕೊಂಡು ಎದ್ದ.

ಮುಂದಿನ ವಾರ ಯಜಮಾನರು ಮಂಡಿನೋವನ್ನು ಬದಿಗಿಟ್ಟು ಹೋಟೆಲಿಗೆ ಬಂದರು. ಅಳಿಯನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡು ಏನು ಹೇಳಿದರೋ ಯಾರಿಗೂ ಗೊತ್ತಿಲ್ಲ. ಅಳಿಯ ಮಾತ್ರ ಸೋತ ಮುಖದಲ್ಲಿ ಹೊರಬರಲಿಲ್ಲ. ಅವನ ಮುಖಕ್ಕೆ ಆ ಅಭ್ಯಾಸವಿರಲಿಲ್ಲ. ಎರಡು ದಿನ ಯೋಚನೆ ಮಾಡಿ ಒಂದು ಬೋರ್ಡು ಬರೆಸಿದ: ‘ನಮ್ಮಲ್ಲಿ ಹಂತ ಹಂತದ ಸೇವಾ ಪದ್ಧತಿ ಜಾರಿಯಲ್ಲಿದೆ. ಒಮ್ಮೆಗೆ ಏಳು ಊಟ ಮಾತ್ರ. ದಯವಿಟ್ಟು ಸಹಕರಿಸಿ.’ ಕೆಳಗೆ ಅವನ ಸಹಿ. ಇದು ತಾನು ಅಧ್ಯಯನ ಮಾಡಿ ಕಂಡುಕೊಂಡ ಸೂತ್ರ ಎಂದು ಬಂದವರಿಗೆಲ್ಲ ವಿವರಿಸತೊಡಗಿದ. ಮಾಸ್ಟರ್‌ನ ಜಾಗಕ್ಕೆ ಇಬ್ಬರು ಹೊಸ ಅಡುಗೆಯವರು ಬಂದರು.

ಗೇಟಕ್ಕನನ್ನು ಕರೆಸಿದ ಯಜಮಾನರು, “ಏನಮ್ಮಾ, ಕಿಟಕಿಗೆ ಬಾ. ಬೇರೆ ಯಾರಿಗೂ ಅದು ಹಿಡಿತಕ್ಕೆ ಸಿಗ್ತಿಲ್ಲ,” ಅಂದರು.

“ನನ್ನ ಕ್ಲಿಪ್ಪೆಲ್ಲಿ?”

“ಅವತ್ತೇ ಕಸಕ್ಕೆ ಹೋಯ್ತಂತೆ.”

ಅವಳು ಮಾರನೆಯ ದಿನ ಮನೆಯ ಹಗ್ಗದಿಂದ ಏಳು ಕ್ಲಿಪ್ಪು ಮತ್ತೆ ಕಿತ್ತು ತಂದಳು. ಗ್ಯಾಸ್ ಕಾರ್ಡನ್ನು ಕಲ್ಲಿನ ಕಪಾಟಿನಲ್ಲಿಟ್ಟಳು, ಟ್ಯಾಂಕಿನವನ ನಂಬರನ್ನು ಗೋಡೆಗೆ ಅಂಟಿಸಿದಳು. ಏಳಕ್ಕೆ ಏಳೂ ಊಟದ ಚೀಟಿ. ಹೊಸಬರು ಸೌಟು ಬಡಿಯುವುದಿಲ್ಲ, “ಆಯ್ತು” ಎಂದು ಕೂಗುತ್ತಾರೆ. ಆದರೆ ಕೈ ಓಡುತ್ತದೆ. ಮೊದಲ ದಿನ ಮಧ್ಯಾಹ್ನ ಎರಡು ಗಂಟೆಗೆ ತಂತಿಯಲ್ಲಿ ಮೂರು ಕ್ಲಿಪ್ಪು ಖಾಲಿ ತೂಗುತ್ತಿದ್ದವು, ಕೈಯಲ್ಲಿ ಒಂದೂ ಚೀಟಿ ಇರಲಿಲ್ಲ. ಮೂರು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು. ಕೆಲಸ ಇಷ್ಟು ಸಲೀಸಾಗಿ ನಡೆಯುತ್ತಿದೆಯಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ಆಮೇಲೆ ಅವಳು ಪಾತ್ರೆ ತೊಳೆಯುವ ಜಾಗಕ್ಕೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಸ್ವಲ್ಪ ಹೊತ್ತು ನಿಂತಳು. ಇದನ್ನು ಮೀಸೆ ನೋಡಿದ್ದಾನೆ.

ಮನೆಯಲ್ಲಿ ಮಾಸ್ಟರ್ ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು ಮಂಚದ ಮೇಲೆ ಕೂತಿರುತ್ತಿದ್ದ. ಎರಡು ಬೀದಿ ಆಚೆ ಇದ್ದ ಮಗಳು ಮಧ್ಯಾಹ್ನ ಬಂದು ಊಟ ಹಾಕಿ ಹೋಗುತ್ತಿದ್ದಳು. ನೋಡಲು ಬಂದವರಿಗೆಲ್ಲ ಅವನು ಆ ಭಾನುವಾರದ ಕಥೆ ಹೇಳುತ್ತಿದ್ದ, ಕಥೆ ದಿನದಿಂದ ದಿನಕ್ಕೆ ಬೆಳೆಯುತ್ತಿತ್ತು. ಮೊದಲ ವಾರ ಹತ್ತು ಊಟ ತೆಗೆದ ಮೇಲೆ ಬಾಣಲೆ ಜಾರಿತ್ತು. ಎರಡನೇ ವಾರಕ್ಕೆ ಅದು ಹದಿಮೂರಾಯಿತು. ಮೀಸೆ ಹಣ್ಣು ಹಿಡಿದುಕೊಂಡು ನೋಡಲು ಹೋದ ದಿನ, ಅದೊಂದು ಸೋಮವಾರ, ಹೋಟೆಲಿಗೆ ರಜೆ, ಹದಿನೈದಾಗಿತ್ತು.

“ಬಾಣಲೆ ತಪ್ಪು ಕಣೋ ಮೀಸೆ. ಹಿಡಿಕೆ ಸಡಿಲ. ಇಲ್ದಿದ್ರೆ ಹತ್ತೊಂಬತ್ತೂ ಎತ್ತಿ ಬಿಸಾಡ್ತಿದ್ದೆ,” ಎಂದ. ಹಾಗೆ ಹೇಳುವಾಗ ಎಡಗೈಯಲ್ಲಿದ್ದ ಲೋಟವೂ ಸಣ್ಣಗೆ ನಡುಗುತ್ತಿದ್ದುದು ಮೀಸೆಗೆ ಕಂಡಿತು.

“ಹೌದು ಮಾಸ್ಟ್ರೇ,” ಅಂದ ಮೀಸೆ. ಅವನೂ ಆ ದಿನ ಕಿಟಕಿಯಲ್ಲಿ ತಲೆ ತೂರಿಸಿ ಕೂಗಿದವನೇ. ಹೌದೆನ್ನದೆ ಇನ್ನೇನು ಹೇಳಿಯಾನು?

ಗೇಟಕ್ಕ ಹಿತ್ತಿಲಿನ ಹಗ್ಗದಿಂದ ಒಣಗಿದ ಬಟ್ಟೆ ತೆಗೆದು ತಂದು, ನೆಲದ ಮೇಲೆ ಕೂತು ಮಡಚುತ್ತಿದ್ದಳು. ಕ್ಲಿಪ್ಪೆಲ್ಲ ಹೋಟೆಲಿಗೆ ಹೋಗಿದ್ದರಿಂದ ಕೆಲವು ಬಟ್ಟೆ ನೆಲಕ್ಕೆ ಬಿದ್ದು ಮಣ್ಣಾಗಿದ್ದವು, ಅವನ್ನು ಒಂದೊಂದಾಗಿ ಕೊಡವುತ್ತಿದ್ದಳು.

“ನಿಜ ಹೇಳ್ಲಾ,” ಮಾಸ್ಟರ್ ಮುಂದುವರಿಸಿದ, ದನಿ ತಗ್ಗಿಸಿ, ಆದರೆ ಅವಳಿಗೆ ಕೇಳುವಷ್ಟು. “ಹದಿನೇಳು ವರ್ಷ ಏಳೇ ಏಳು ಕೊಟ್ಟು ಕೊಟ್ಟು ನನ್ನ ಕೈಗೆ ತುಕ್ಕು ಹಿಡಿಸಿದ್ದು ಇವಳೇ. ಓಡೋ ಕುದುರೆನ ಕಟ್ಟಿ ಹಾಕಿದ್ರೆ ಏನಾಗುತ್ತೆ? ಕಾಲು ಹಿಡ್ಕೊಳ್ಳುತ್ತೆ. ನನ್ನ ಕೈ ನಡುಗೋದು ಯಾಕೆ ಅಂತ ಈಗ ಗೊತ್ತಾಯ್ತು ನನಗೆ. ಪಾಪ, ಬೇಕಂತ ಮಾಡಿಲ್ಲ. ಅವಳ ಕೈಲಿ ಆಗ್ತಿರ್ಲಿಲ್ಲ, ಅದಕ್ಕೆ ನನ್ನೂ ಬಿಡ್ಲಿಲ್ಲ.”

ಗೇಟಕ್ಕನ ಕೈಯಲ್ಲಿದ್ದ ಪಂಚೆ ಅರ್ಧ ಮಡಿಕೆಯಲ್ಲಿ ನಿಂತಿತು.

ಮೀಸೆ ಎದ್ದು ಹೊರಡಲು ನೋಡಿದ. ಮಾಸ್ಟರ್ ಬಿಡಲಿಲ್ಲ. ಅವನಿಗೆ ಸಾಕ್ಷಿ ಬೇಕಿತ್ತು, ಸಾಕ್ಷಿಯ ಮುಂದೆ ಹೆಂಡತಿಯ ಒಪ್ಪಿಗೆಯೂ ಬೇಕಿತ್ತು. ಹದಿನೇಳು ವರ್ಷ ಅವಳು ಸುಮ್ಮನಿದ್ದು ಕೊಟ್ಟದ್ದನ್ನೇ ಈಗ ಬಾಯಿಬಿಟ್ಟು ಕೊಡಲಿ ಎಂಬ ಆಸೆ. ಇನ್ನೇನೂ ಉಳಿದಿರಲಿಲ್ಲ ಅವನ ಬಳಿ.

“ಏ, ನೀನೇ ಹೇಳೇ. ಬಾಗಿಲಲ್ಲಿದ್ರೂ ನಿನ್ನ ಕಿವಿ ನನ್ನ ಸೌಟಿನ ಮೇಲೇ ಇರುತ್ತೆ, ಗೊತ್ತು ನನಗೆ. ಅವತ್ತು ಕೈ ಸುಡೋಕೆ ಮುಂಚೆ ನಾನು ಎಷ್ಟು ಊಟ ತೆಗೆದೆ? ಹದಿನೈದಾದ್ರೂ ಆಗಿತ್ತು ಅಲ್ವಾ?”

ಅವಳು ಪಂಚೆಯನ್ನು ಪೂರ್ತಿ ಮಡಚಿ, ಅಂಗೈಯಿಂದ ಒತ್ತಿ ಸಾಪು ಮಾಡಿ, ಉಳಿದ ಬಟ್ಟೆಯ ಮೇಲಿಟ್ಟಳು.

“ಐದು,” ಅಂದಳು. “ಮೂರು ವರ್ಷದಿಂದ ಐದೇ.”